ಸಿಟ್ಟು ಬಿಟ್ಟವಳ ದೀಪಾವಳಿ

ಪ್ರೀತಿಯಲ್ಲಿ ಬಿದ್ದವರು ತೂಕ ಇಳಿಸುತ್ತಾರೆ, ಹಾಡು ಕಲಿಯುತ್ತಾರೆ, ಇಲ್ಲವೇ ಮನೆಯಲ್ಲಿ ಸುಳ್ಳು ಹೇಳಿ ಮುರ್ಡೇಶ್ವರಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಸಿಟ್ಟು ಬಿಟ್ಟೆ. ಮೂವತ್ತನಾಲ್ಕು ವರ್ಷ ಮೂಗಿನ ತುದಿಯಲ್ಲೇ ಇಟ್ಟುಕೊಂಡು ಸಾಕಿದ ಸಿಟ್ಟನ್ನು ಒಂದು ಮಳೆಗಾಲ ಮುಗಿಯುವುದರೊಳಗೆ ಬಿಡುತ್ತೇನೆಂದು ಹೊರಟ ನನ್ನ ಧೈರ್ಯ ನೆನೆದರೆ ಈಗಲೂ ನಗು ಬರುತ್ತದೆ.

ನಮ್ಮ ಮನೆ ಬೆಳಕೆಯಲ್ಲಿ, ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಕೂಗುವವಳು ನೀನಾದರೆ, ಎಂದು ಅಮ್ಮ ಸೇರಿಸುತ್ತಾಳೆ. ಅಪ್ಪ ಇಲ್ಲ. ಅಮ್ಮ, ನಾನು, ತಮ್ಮ, ಮೂರೇ ಜನ. ಭಟ್ಕಳದ ಬಂದರ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಬೋಟಿನವರು ತರುವ ಜಿಪಿಎಸ್, ವೈರ್‌ಲೆಸ್ ಸೆಟ್ಟು, ಮೀನಿನ ಹಿಂಡು ಎಲ್ಲಿದೆಯೆಂದು ತೋರಿಸುವ ಫಿಶ್ ಫೈಂಡರು, ಇವೆಲ್ಲವನ್ನು ಬಿಚ್ಚಿ ಸರಿಮಾಡುತ್ತೇನೆ. ಕೆಲಸದಲ್ಲಿ ನನ್ನ ಹೆಸರು ಚೆನ್ನಾಗಿಯೇ ಇದೆ. ಜತೆಗೆ ಇನ್ನೊಂದು ಹೆಸರೂ ಇದೆ. "ಅಕ್ಕನ ಹತ್ರ ಕೊಟ್ರೆ ಮಷಿನು ಸರಿ ಆತದೆ, ಕೊಟ್ಟವ್ನ ಮರ್ಯಾದೆ ಹೋತದೆ" ಎಂದು ಬಂದರದಲ್ಲಿ ಆಡಿಕೊಳ್ಳುತ್ತಾರೆ. ಉಪ್ಪುನೀರಿನಲ್ಲಿ ಅದ್ದಿ ತೆಗೆದ ಸೆಟ್ಟನ್ನು ಬಿಸಿಲಿಗೆ ಒಣಗಿಸಿ, "ಎಂತ ಆಗಿದ್ಯೋ ಗೊತ್ತಿಲ್ಲ" ಎಂದು ಮುಗ್ಧ ಮುಖ ಮಾಡಿಕೊಂಡು ನಿಲ್ಲುವವರಿಗೆ ಬೈಯದೆ ಆರತಿ ಎತ್ತಬೇಕೇ?

ಬಂದ ಒಂದು ಸಂಬಂಧವೂ ಇದೇ ಬಾಯಿಯಿಂದ ತಪ್ಪಿತ್ತು. ನೋಡಲು ಬಂದ ಬೋಟಿನವನೊಬ್ಬ, ಮದುವೆಯಾದ ಮೇಲೆ ಅಂಗಡಿ ಬಿಡುತ್ತೀಯಾ ಎಂದು ಕೇಳಿದ. ನೀನು ಬೋಟು ಬಿಡುತ್ತೀಯಾ ಎಂದು ಕೇಳಿದೆ. ಅವನ ಮಾವ ಅರ್ಧ ಕುಡಿದ ಚಾ ಕೆಳಗಿಟ್ಟು ಎದ್ದರು. ಆಮೇಲೆ ಯಾರೂ ಬರಲಿಲ್ಲ, ನನಗೂ ಬೇಕಾಗಿರಲಿಲ್ಲ.

ಹೀಗಿರುವಾಗ ತದಡಿಯ ಮಾಸ್ತರು ಬಂದರು.

ಅವರು ಹಿರೇಗುತ್ತಿಯ ಶಾಲೆಯಲ್ಲಿ ಇತಿಹಾಸ ಹೇಳುವವರು. ಅವರ ಚಿಕ್ಕಪ್ಪನ ಬೋಟು ಭಟ್ಕಳದಲ್ಲಿ ನಿಂತಿತ್ತು. ಅದರ ವೈರ್‌ಲೆಸ್ ಸೆಟ್ಟನ್ನು ಲುಂಗಿಯಲ್ಲಿ ಸುತ್ತಿ ಹಿಡಿದುಕೊಂಡು ಬಂದಿದ್ದರು. ಬಿಚ್ಚಿ ನೋಡಿದರೆ ಒಳಗೆಲ್ಲ ಗೀರು. ಅಡುಗೆಮನೆಯ ಚಾಕು ಹಾಕಿ ಯಾರೋ ಕೆದಕಿದ್ದರು. ಯಾವ ಮಹಾಶಯನ ಕೆಲಸ ಇದು ಎಂದು ಶುರುಮಾಡಿದೆ, ಆ ಮಹಾಶಯನ ಬುದ್ಧಿ, ಅವನಿಗೆ ಚಾಕು ಕೊಟ್ಟವರ ಬುದ್ಧಿ, ಒಂದನ್ನೂ ಬಿಡಲಿಲ್ಲ. ಮಾಸ್ತರು ಕೈಕಟ್ಟಿ ಪೂರ್ತಿ ಕೇಳಿದರು. ಕೇಳಿ, "ಮಹಾಶಯ ನಾನೇ. ಇನ್ನೂ ಬಾಕಿ ಅದೆಯಾ? ಇದ್ರೆ ಒಂದು ಚಾ ಕುಡ್ದು ಬತ್ತೆ" ಎಂದರು. ಕೊಂಕಿಲ್ಲ, ಅವಮಾನವಿಲ್ಲ, ನಿಜವಾಗಿಯೂ ಚಾ ಬೇಕಾಗಿತ್ತಷ್ಟೆ. ನನಗೆ ನಗು ತಡೆಯಲಾಗಲಿಲ್ಲ, ಕೈಯಲ್ಲಿದ್ದ ಸ್ಕ್ರೂ ಎಲ್ಲ ಚೆಲ್ಲಿಹೋಯಿತು.

ಆಮೇಲೆ ನಮ್ಮ ಭೇಟಿ ಹೊನ್ನಾವರದಲ್ಲಿ. ಅವರು ಕುಮಟಾ ಕಡೆಯಿಂದ ಬಸ್ಸು ಹತ್ತುವುದು, ನಾನು ಭಟ್ಕಳ ಕಡೆಯಿಂದ. ಶರಾವತಿಯ ದಡದಲ್ಲಿ ಕುಳಿತು ಶೇಂಗಾ ತಿನ್ನುತ್ತ ಅವರು ಸ್ಟೋಯಿಕರ ಕಥೆ ಹೇಳುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ಗ್ರೀಸು, ರೋಮಿನಲ್ಲಿದ್ದ ಮಂದಿಯಂತೆ. ಅವರಲ್ಲಿ ಗುಲಾಮನಾಗಿದ್ದವನೂ ಇದ್ದನಂತೆ, ಚಕ್ರವರ್ತಿಯೂ ಇದ್ದನಂತೆ, ಇಬ್ಬರೂ ಒಂದೇ ಪಾಠ ಕಲಿತರಂತೆ. ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಗಾಳಿ, ಮೀನು, ಕಂಡವರ ಬಾಯಿ ನಮ್ಮ ಕೈಯಲ್ಲಿಲ್ಲ. ನಾವು ಏನು ಯೋಚಿಸುತ್ತೇವೆ, ಏನು ಮಾಡುತ್ತೇವೆ ಎಂಬುದಷ್ಟೇ ನಮ್ಮದು. ಇಷ್ಟು ತಿಳಿದವನು ಇದ್ದದ್ದರಲ್ಲೇ ತೃಪ್ತನಾಗಿರುತ್ತಾನೆ. ಖರೇ ಹೇಳಬೇಕೆಂದರೆ ಆಗ ನಾನು ಸ್ಟೋಯಿಕರಿಗಿಂತ ಮಾಸ್ತರರ ದನಿಯನ್ನೇ ಹೆಚ್ಚು ಕೇಳುತ್ತಿದ್ದೆ. ಮರಳಿ ಬರುವ ಬಸ್ಸಿನಲ್ಲಿ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ಒಮ್ಮೆ ಬೆಳಕೆಯಲ್ಲಿ ಇಳಿಯುವುದನ್ನೇ ಮರೆತು ಶಿರೂರಿನಲ್ಲಿ ಇಳಿದೆ, ಕಂಡಕ್ಟರನಿಗೆ ಬೈಯಲೂ ಮರೆತೆ.

ಶ್ರಾವಣದಲ್ಲಿ ಮಾಸ್ತರು ಮನೆಯಲ್ಲಿ ವಿಷಯ ಎತ್ತಿದರು. ಅವರಿಗೂ ತಂದೆ ಇಲ್ಲ. ತಾಯಿಯ ಮಾತೇ ಕೊನೆಯ ಮಾತು. ತಾಯಿ ಒಪ್ಪದಿದ್ದರೆ ಎಂದು ನಾನು ಕೇಳಿದ್ದಕ್ಕೆ ಮಾಸ್ತರು ಕೈಯಲ್ಲಿದ್ದ ಶೇಂಗಾವನ್ನೆಲ್ಲ ಪೊಟ್ಟಣಕ್ಕೆ ವಾಪಸು ಹಾಕಿದರು. ನಾನು ಅವರನ್ನು ಅವರ ತಾಯಿಯಿಂದ ಕಿತ್ತುಕೊಂಡು ಬರುವವಳಲ್ಲ, ಅವರು ಹಾಗೆ ಬರುವವರೂ ಅಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

"ಅಮ್ಮ ಜಾತಕ ಕೇಳ್ಳಿಲ್ಲ. ಒಂದೇ ಒಂದು ಕೇಳಿದ್ರು" ಎಂದರು.

"ಎಂತ?"

"ಹುಡುಗಿಗೆ ಸಿಟ್ಟು ಹೆಂಗೆ ಅಂತ."

"ನೀವೆಂತ ಹೇಳಿದ್ರಿ?"

"ಬಂದು ನೀವೇ ನೋಡಿ ಅಂದೆ. ದೀಪಾವಳಿಗೆ ಬತ್ತಾರಂತೆ."

ಅಲ್ಲಿಗೆ ತೀರ್ಮಾನವಾಯಿತು. ಸ್ಟೋಯಿಕರು ಇನ್ನು ಕಥೆಯಲ್ಲ, ನನಗೆ ಉಳಿದ ಒಂದೇ ದಾರಿ.

ಮಾಸ್ತರರಿಂದ ಪಾಠಗಳನ್ನೆಲ್ಲ ಕೇಳಿ ತಿಳಿದುಕೊಂಡೆ. ಬೆಳಿಗ್ಗೆ ಏಳುವಾಗಲೇ, ಇವತ್ತು ಪೆದ್ದರು ಸಿಗುತ್ತಾರೆ, ಸೊಕ್ಕಿನವರು ಸಿಗುತ್ತಾರೆ ಎಂದು ಅಂದುಕೊಂಡುಬಿಡಬೇಕು, ಆಗ ಸಿಕ್ಕಾಗ ಸಿಟ್ಟು ಬರುವುದಿಲ್ಲ. ಅಂದುಕೊಂಡೆ. ಅಂದುಕೊಂಡದ್ದಕ್ಕಿಂತ ಹೆಚ್ಚೇ ಸಿಕ್ಕರು. ಯಾವ ವಸ್ತುವಿನ ಮೇಲೂ ಶಾಶ್ವತವೆಂಬ ಮೋಹ ಬೇಡ, ಹೋದರೆ 'ಕಳೆದುಹೋಯಿತು' ಅನ್ನದೆ 'ವಾಪಸು ಕೊಟ್ಟೆ' ಅನ್ನಬೇಕು. ಹೊಸ ಮೊಬೈಲು ಕೊಂಡ ದಿನ ಅದನ್ನು ಎದುರಿಗೆ ಹಿಡಿದು, "ನೀನು ಒಂದಿನ ನೀರಿಗೆ ಬೀಳುವ ಮೊಬೈಲು" ಎಂದು ಹೇಳಿದೆ. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿ ತಮ್ಮನಿಗೆ ಏನೋ ಸನ್ನೆ ಮಾಡಿದಳು. ಇನ್ನೊಂದು ಪಾಠ ನನಗೆ ತುಂಬಾ ಹಿಡಿಸಿತು. ಸಿಟ್ಟಿನ ಮೊದಲ ಏಟು ಯಾರಿಗೂ ತಪ್ಪದು, ಮುಖ ಬಿಸಿಯಾಗುವುದು, ಎದೆ ಹೊಡೆದುಕೊಳ್ಳುವುದು ಮೈಯ ಕೆಲಸ. ಅದಾದ ಮೇಲೆ ಮನಸ್ಸು 'ಹೌದು, ಬೈಯಬೇಕು' ಎಂದು ಒಪ್ಪಿಗೆ ಕೊಡುತ್ತದಲ್ಲ, ಅದು ನಮ್ಮ ಕೆಲಸ. ಆ ಒಪ್ಪಿಗೆ ಕೊಡದಿದ್ದರೆ ಆಯಿತು.

ಬಂದರದಲ್ಲಿ ಗೊಂದಲವೆದ್ದಿತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಬಂದವರಿಗೆ ನಾನು "ಪರವಾಗಿಲ್ಲ, ಅದು ನಿಮ್ಮ ಕೈಯಲ್ಲಿರಲಿಲ್ಲ" ಎಂದರೆ ಅವರು ಬೆಪ್ಪಾಗಿ ನಿಲ್ಲುತ್ತಿದ್ದರು. ಒಬ್ಬ ಮುದುಕ ತಾಂಡೇಲ, ಬೋಟು ನಡೆಸುವಾತ, ಮಷಿನು ಇನ್ನು ಬದುಕುವುದಿಲ್ಲವೆಂದೇ ನಾನು ಹೀಗೆ ಮೆತ್ತಗೆ ಮಾತಾಡುತ್ತಿದ್ದೇನೆ ಅಂದುಕೊಂಡು ಕಣ್ಣೊರೆಸಿಕೊಂಡ. "ಮೈಯಲ್ಲಿ ಹುಷಾರಿಲ್ವಾ ಅಕ್ಕ?" ಎಂದು ಪಕ್ಕದ ಬಲೆ ಅಂಗಡಿಯವನು ಎಳನೀರು ತಂದುಕೊಟ್ಟ. ಕುಡಿದೆ, ಅದೂ ನನ್ನ ಕೈಯಲ್ಲಿರಲಿಲ್ಲ.

ಇಷ್ಟೆಲ್ಲ ಗೆದ್ದವಳಿಗೆ ಒಂದೇ ಭಯ, ದೀಪಾವಳಿಯದು. ನಮ್ಮ ಕಡೆ ದೀಪಾವಳಿಯಲ್ಲಿ ಬೂರೆಗಳವು ಎಂಬುದೊಂದಿದೆ. ಆ ಒಂದು ರಾತ್ರಿ ಊರ ಹುಡುಗರು ಕದಿಯಬಹುದು, ಕದ್ದರೆ ಕಳ್ಳತನವಲ್ಲ. ಎಳನೀರು, ದೊಡ್ಡ ಸೌತೆಯಂಥ ಮೊಗೆಕಾಯಿ, ಬಾಳೆಗೊನೆ ತಿಂದು ಮುಗಿಸುತ್ತಾರೆ. ತಿನ್ನಲಾಗದ್ದನ್ನು ಹೊತ್ತುಕೊಂಡು ಹೋಗಿ ಊರಿನ ಇನ್ನೆಲ್ಲೋ ಇಟ್ಟುಬಿಡುತ್ತಾರೆ. ಒಂದು ವರ್ಷ ಒಬ್ಬರ ಮನೆಯ ಗೇಟು ಮಾವಿನ ಮರದಲ್ಲಿ ಸಿಕ್ಕಿತ್ತು. ಕಳೆದುಕೊಂಡವರು ನಗುತ್ತ ಹುಡುಕಿ ತಂದುಕೊಳ್ಳಬೇಕು, ಬೈಯುವಂತಿಲ್ಲ. ಬೈದವರ ಮನೆಗೆ ಮರುವರ್ಷ ಹುಡುಗರ ದಂಡೇ ಬರುತ್ತದೆ. ನಾನು ಪ್ರತಿ ವರ್ಷ ಬೈದವಳು. ಆದ್ದರಿಂದ ಹುಡುಗರಿಗೆ ದೀಪಾವಳಿಯೆಂದರೆ ನಮ್ಮ ಮನೆಯೇ. ಮಾಸ್ತರರ ಅಮ್ಮ ಬರುವುದು ಆ ರಾತ್ರಿಯ ಮಾರನೆಯ ಬೆಳಿಗ್ಗೆ.

ಮುಂಚೆಯೇ ಹುಡುಗರನ್ನು ಕರೆದು, ಈ ಒಂದು ವರ್ಷ ಬಿಡ್ರೋ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ. ಸ್ಟೋಯಿಕಳಾದವಳು ಬೇಡಿಕೊಳ್ಳುವುದೇ? ಈ ಜಂಬಕ್ಕೆ ಬೆಲೆ ತೆತ್ತೆ.

ಬೆಳಿಗ್ಗೆ ಎದ್ದು ಹೊರಕೋಣೆಗೆ ಬಂದರೆ ಕೋಣೆ ಬೋಳು. ಸೋಫಾ ಇಲ್ಲ, ಟೀಪಾಯಿ ಇಲ್ಲ, ಪ್ಲಾಸ್ಟಿಕ್ ಕುರ್ಚಿಗಳಿಲ್ಲ, ಗೋಡೆಯ ಕ್ಯಾಲೆಂಡರ್ ಇಲ್ಲ, ಅದನ್ನು ತೂಗುಹಾಕಿದ್ದ ಮೊಳೆಯೂ ಇಲ್ಲ. ಇದೆಲ್ಲ ಸದ್ದಿಲ್ಲದೆ ಹೋಗಬೇಕಾದರೆ ಒಳಗಿನಿಂದ ಯಾರೋ ಚಿಲಕ ತೆಗೆದಿರಬೇಕು. ತಮ್ಮನೋ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ, ಪಾದದ ತುಂಬ ಕೆಸರು.

ಮೊದಲ ಏಟು ಬಿತ್ತು. ಕಿವಿ ಬಿಸಿಯಾಯಿತು, ಕೈ ತಾನಾಗಿಯೇ ಪೊರಕೆಯ ಕಡೆ ಹೋಯಿತು. ಒಪ್ಪಿಗೆ ಕೊಡಬೇಡ, ಕೊಡಬೇಡ ಎಂದುಕೊಂಡು ಕಣ್ಣು ಮುಚ್ಚಿ ನಿಂತೆ.

ಅಮ್ಮ ಬಂದು ಬಾಗಿಲಲ್ಲೇ ನಿಂತಳು. "ಸೋಫಾ ಎಲ್ಲಿ ಹೋತು?"

"ಹೋಗಿಲ್ಲ ಅಮ್ಮ. ವಾಪಸು ಕೊಟ್ಟಿದ್ದೇನೆ ಅಂತ ತಿಳ್ಕೋಬೇಕು."

"ಯಾರಿಗೆ ವಾಪಸು? ಹೊದಿಕೆ ಹರ್ದದ್ದನ್ನ ಅಂಗಡಿಯವ್ನು ತಗಂತಾನಾ? ಈಗ ಬಂದವ್ರನ್ನ ನನ್ನ ತಲೆ ಮೇಲೆ ಕೂರ್ಸ್ತೆಯಾ?"

ಅಷ್ಟರಲ್ಲಿ ಫೋನು ಬಂತು. ಮಾಸ್ತರು.

"ಬೇಗ ಬಂದ್ಬಿಟ್ವು. ಬೆಳಕೆ ಸ್ಟಾಪಿನಲ್ಲೇ ಇದ್ದೇವೆ. ಇಲ್ಲಿ ಯಾರೋ ಸಂಸಾರ ಹೂಡಿದ್ದಾರೆ, ಕೂರಲು ಭಾರಿ ಚಲೋ ಅದೆ. ಅಮ್ಮ ಕೂತಿದ್ದಾರೆ."

"ಎಲ್ಲಿ ಕೂತಿದ್ದಾರೆ?"

"ಸೋಫಾದ ಮೇಲೆ."

"ಯಾವ ಬಣ್ಣದ್ದು?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಹಸಿರು. ಹೊದಿಕೆ ಸ್ವಲ್ಪ ಹರಿದಿದೆ."

ಅಮ್ಮ ಕೊಟ್ಟ ಸೀರೆ ಉಟ್ಟುಕೊಂಡು, ಮಲ್ಲಿಗೆ ಮುಡಿದು, ಮೆಲ್ಲಗೆ ಬಾಗಿಲಿಗೆ ಬಂದು ಸ್ವಾಗತಿಸಬೇಕೆಂದು ತಾಲೀಮು ನಡೆಸಿದ್ದೆನಲ್ಲ, ಅದೆಲ್ಲ ಗಾಳಿಗೆ ಹೋಯಿತು. ತಲೆಯಲ್ಲಿ ರಾತ್ರಿ ಹಚ್ಚಿದ ಎಣ್ಣೆ ಹಾಗೇ ಇತ್ತು. ಚಪ್ಪಲಿ ಒಂದು ನನ್ನದು, ಒಂದು ತಮ್ಮನದು. ಓಡಿದೆ.

ಹೆದ್ದಾರಿಯ ಬಸ್ ಸ್ಟಾಪು ನಮ್ಮ ಹೊರಕೋಣೆಯಾಗಿ ಕುಳಿತಿತ್ತು. ಗೋಡೆಗೆ ನಮ್ಮ ಕ್ಯಾಲೆಂಡರು, ನಮ್ಮದೇ ಮೊಳೆಗೆ. ಟೀಪಾಯಿಯ ಮೇಲೆ ನಮ್ಮ ಪ್ಲಾಸ್ಟಿಕ್ ಹೂವು. ಕುರ್ಚಿಗಳಲ್ಲಿ ಶಿರೂರಿನ ಬಸ್ಸಿಗೆ ಕಾಯುವವರು ಕಾಲು ಚಾಚಿ ಕೂತಿದ್ದರು. ನಡುವೆ ಹಸಿರು ಸೋಫಾದಲ್ಲಿ ಮಾಸ್ತರರ ಅಮ್ಮ. ಗಿಡ್ಡ ಆಸಾಮಿ, ಮಾಸಲು ಕೆಂಪು ಸೀರೆ, ತೊಡೆಯ ಮೇಲೆ ಚೀಲ, ನೆಟ್ಟ ನೋಟ. ಮಾಸ್ತರು ಪಕ್ಕದಲ್ಲಿ ನಿಂತು ನಗು ತಡೆಯಲು ಹೆಣಗುತ್ತಿದ್ದರು. ಎದುರಿನ ಮೋರಿಯ ಕಟ್ಟೆಯ ಮೇಲೆ ಊರ ಹುಡುಗರು ಸಾಲಾಗಿ ಕೂತು ಮೊಬೈಲು ಎತ್ತಿ ಹಿಡಿದಿದ್ದರು. ವರ್ಷದ ಬೈಗುಳ ರೆಕಾರ್ಡ್ ಮಾಡಿಕೊಳ್ಳಲು. ನನ್ನ ಹಿಂದೆಯೇ ಎದ್ದು ಓಡಿಬಂದ ತಮ್ಮನೂ ಹೋಗಿ ಆ ಸಾಲಿನಲ್ಲೇ ಕೂತ, ನಾಚಿಕೆಗೆಟ್ಟವನು.

"ಹಬ್ಬದ ಶುಭಾಶಯ ಅಕ್ಕಾ!" ಎಂದು ಒಬ್ಬ ಕೂಗಿದ.

"ನಿಮಗೂ" ಎಂದೆ. ಕೆನ್ನೆ ನೋಯುವಷ್ಟು ನಕ್ಕೆ.

ಹುಡುಗರು ಮುಖ ಮುಖ ನೋಡಿಕೊಂಡರು. "ಅಕ್ಕ, ನಿಮ್ಮ ಮೊಗೆಕಾಯಿ ಒಂಚೂರು ಕಹಿ ಇತ್ತು" ಎಂದು ಮತ್ತೊಬ್ಬ ಕೆಣಕಿದ. "ಮುಂದಿನ ವರ್ಷ ಸಿಹಿ ಇರೂದು ಬೆಳೆಸ್ತೆ" ಎಂದೆ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಬಸ್ಸೊಂದು ಬಂದು ನಿಂತಿತು. ಕಂಡಕ್ಟರು ತಲೆ ಹೊರಹಾಕಿ ನಮ್ಮ ಸಂಸಾರ ನೋಡಿ, ಸೀಟಿ ಊದುವುದನ್ನು ಮರೆತರು. ಹಿಂದಿನಿಂದ ಏದುಸಿರು ಬಿಡುತ್ತ ಅಮ್ಮ ಬಂದಳು, ಕೈಯಲ್ಲಿ ಕಡುಬಿನ ಡಬ್ಬಿ, ಚಾ ಕ್ಯಾನು. ಬೇರೆ ದಾರಿಯಿಲ್ಲದೆ ಬಸ್ ಸ್ಟಾಪಿನಲ್ಲೇ ಉಪಚಾರ ಶುರುವಾಯಿತು. ಶಿರೂರಿನವರಿಗೂ ಒಂದೊಂದು ಕಡುಬು ಹೋಯಿತು.

ನಾನು ಕುರ್ಚಿಯ ತುದಿಯಲ್ಲಿ ಕೂತು ನಗುತ್ತಲೇ ಇದ್ದೆ. ಒಳಗೆ ಮಾತ್ರ ಕುದಿಯುತ್ತಿತ್ತು. ಹುಡುಗರ ಮೇಲೆ, ತಮ್ಮನ ಮೇಲೆ, ಹರಿದ ಹೊದಿಕೆಯ ಮೇಲೆ, ಮಾಸ್ತರರ ನಗುವಿನ ಮೇಲೆ. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪವೇ ಹೊತ್ತು ಎಂದು ಹಲ್ಲು ಕಚ್ಚಿದ್ದೆ.

ಮಾಸ್ತರರ ಅಮ್ಮ ಕಡುಬು ಮುಗಿಸಿ ಕೈ ಒರೆಸಿಕೊಂಡರು.

"ತಂಗಿ, ಈ ಸೋಫಾ ನಿಮ್ದಾ?"

"ಹೌದು."

"ಆ ಹುಡ್ರು ಕದ್ದದ್ದಾ?"

"ಹೌದು. ನಮ್ಮಲ್ಲಿ ಹಬ್ಬದ ಪದ್ಧತಿ."

"ಪದ್ಧತಿ ನಂಗೂ ಗೊತ್ತದೆ. ನಾ ಕೇಳಿದ್ದು ಬೇರೆ. ನಿಂಗೆ ಸಿಟ್ಟು ಬರ್ಲಿಲ್ವಾ?"

ಮಾಸ್ತರರ ಮುಖದ ನಗು ಮಾಯವಾಯಿತು. ಇದೇ ಪ್ರಶ್ನೆಗಾಗಿ ನಾನು ಇಡೀ ಮಳೆಗಾಲ ತಯಾರಿ ನಡೆಸಿದ್ದು. ಇಲ್ಲ ಎಂದರೆ ಸಾಕು. ಬೆಳಿಗ್ಗೆಯಿಂದ ನಡೆದದ್ದೆಲ್ಲ ಸಾಕ್ಷಿಗಿತ್ತು.

ಬಾಯಿ ತೆರೆದಾಗ ನನಗೊಂದು ಹೊಳೆಯಿತು, ಹೊಳೆದು ಹೆದರಿಕೆಯಾಯಿತು. ಈ ಹೆಂಗಸಿನ ಒಪ್ಪಿಗೆ ನನ್ನ ಕೈಯಲ್ಲಿ ಯಾವತ್ತೂ ಇರಲಿಲ್ಲ. ನಾನು ನಗು ಮಾರಿ ಅದನ್ನು ಕೊಳ್ಳಲು ಹೊರಟಿದ್ದೆ, ಅದಕ್ಕೆ ಸ್ಟೋಯಿಕರ ಹೆಸರು ಬೇರೆ ಹೇಳಿಕೊಂಡು. ನನ್ನ ಕೈಯಲ್ಲಿದ್ದದ್ದು ಈಗ ಆಡುವ ಮಾತು ಒಂದೇ. ಅದನ್ನೂ ಸುಳ್ಳಾಗಿಸಿದರೆ ತದಡಿಯ ಮನೆಗೆ ಹೋಗುವವಳು ಯಾರು? ಇನ್ನು ಮುಂದೆ ಎಲ್ಲ ಬೆಳಿಗ್ಗೆಯೂ ಹೀಗೇ ಕೆನ್ನೆ ನೋಯಿಸಿಕೊಂಡು ಕೂರಬೇಕಾದ ಯಾರೋ ಒಬ್ಬಳು. ಮಾಸ್ತರರ ಕಡೆ ನೋಡಿದೆ. ಅವರನ್ನು ಕಳೆದುಕೊಳ್ಳುತ್ತೇನೆ ಎಂದೇ ಅನಿಸಿತು.

"ಬತ್ತದೆ" ಎಂದೆ. "ಭಾರಿ ಬತ್ತದೆ. ಬೆಳಿಗ್ಗೆಯಿಂದ ಬತ್ತಾನೇ ಅದೆ. ಈಗ್ಲೂ ಅದೆ. ನೀವು ಬತ್ತೀರಿ ಅಂತ ತಡ್ಕೊಂಡಿದ್ದೇನೆ. ಸಿಟ್ಟು ಕಡಿಮೆ ಮಾಡುದು ಕಲೀತಾ ಇದ್ದೇನೆ, ಪೂರಾ ಬಂದಿಲ್ಲ. ಬರ್ತದೋ ಇಲ್ವೋ ಗೊತ್ತಿಲ್ಲ. ಇಲ್ಲದ್ದು ಅದೆ ಅಂತ ತೋರ್ಸಿ ನಿಮ್ಮ ಮನೆಗೆ ಬರೂಕೆ ನಂಗೆ ಆಗುದಿಲ್ಲ."

ಅಮ್ಮ ಚಾ ಕ್ಯಾನಿನ ಮುಚ್ಚಳ ಕೈಬಿಟ್ಟಳು. ಅದು ಉರುಳಿ ರಸ್ತೆಗೆ ಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ.

ಮಾಸ್ತರರ ಅಮ್ಮ ನನ್ನನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಕೈ ನೋಡಿಕೊಂಡು ಮಾತಾಡಿದರು.

"ಇವ್ನ ಅಪ್ಪ ಸಿಟ್ಟೇ ಮಾಡ್ತಿರ್ಲಿಲ್ಲ. ತದಡಿಯಲ್ಲೆಲ್ಲ ಹೇಳ್ತಿದ್ರು, ದೇವ್ರಂಥ ಗಂಡ ಅಂತ. ಸಾರಿಗೆ ಉಪ್ಪಿಲ್ದಿದ್ರೂ ಉಂಡು ಏಳ್ತಿದ್ರು. ಬಲೆ ಹರ್ದು ಬಂದ್ರೂ ಒಂದು ಮಾತಿಲ್ಲ. ನಾ ತಪ್ಪು ಮಾಡಿದ್ರೂ ಇಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡ್ದೆ. ಆ ಮನುಷ್ಯಂಗೆ ಎಂತ ಬೇಕಿತ್ತು, ಎಂತ ಬೇಡಾಗಿತ್ತು, ನಂಗೆ ಕಡೆಗೂ ಗೊತ್ತಾಗ್ಲಿಲ್ಲ." ಮಗನ ಕಡೆ ಗದ್ದ ತಿರುಗಿಸಿದರು. "ಇವ್ನೂ ಹಂಗೇ. ಹೊಟ್ಟೆ ತುಂಬಿತೋ ಇಲ್ವೋ ನಾನೇ ಅಂದಾಜು ಮಾಡ್ಬೇಕು. ನಂಗೆ ವಯಸ್ಸಾತು ತಂಗಿ, ಮತ್ತೊಬ್ರ ಮನ್ಸ ಅಂದಾಜು ಮಾಡ್ತಾ ಕೂರೂಕೆ ನನ್ನ ಹತ್ರ ಆಗುದಿಲ್ಲ. ನೀ ಬರ್ತಾ ನಕ್ಕಂಡು ಬಂದೆ ನೋಡು, ನಾ ಹೆದ್ರಿ ಹೋದೆ."

ಮಾಸ್ತರು ತಲೆ ತಗ್ಗಿಸಿದ್ದರು. ಅವರ ಕಿವಿ ಕೆಂಪಾಗಿತ್ತು. ಬಾಗಿ ತಾಯಿಯ ಕಾಲ ಬಳಿ, ಬಸ್ ಸ್ಟಾಪಿನ ಧೂಳಿನಲ್ಲಿ ಹಾಗೇ ಕೂತುಬಿಟ್ಟರು. "ಹೊಟ್ಟೆ ತುಂಬಿಲ್ಲ ಅಮ್ಮ" ಎಂದರು. "ಇನ್ನೊಂದು ಕಡುಬು ಬೇಕು."

ನನ್ನಮ್ಮ ಎರಡು ಹಾಕಿದಳು, ಮೂಗು ಒರೆಸಿಕೊಳ್ಳುತ್ತ.

ಮಾಸ್ತರರ ಅಮ್ಮ ಸೋಫಾದಲ್ಲಿ ಹಿಂದಕ್ಕೆ ಒರಗಿದರು. ಮೋರಿಯ ಕಡೆ ಕೈ ತೋರಿಸಿ, "ಆತು, ಇನ್ನು ತಡ್ಕಳೂದೆಂತಕೆ? ಬೈ. ನಾನೂ ಕೇಳ್ತೆ" ಎಂದರು.

ಹುಡುಗರು ದಡಬಡ ಎದ್ದು ನಿಂತರು. ನನ್ನ ತಮ್ಮನಂತೂ ಚಪ್ಪಲಿ ಕೈಗೆ ತಗೊಂಡು ಓಡಲು ತಯಾರಾದ. ನಾನು ಎದ್ದೆ, ಸೊಂಟಕ್ಕೆ ಕೈ ಕೊಟ್ಟೆ, ಎದೆ ತುಂಬ ಉಸಿರು ತಗೊಂಡೆ. ಕಂಡಕ್ಟರು ಡ್ರೈವರಿಗೆ ತಡೆ ಎಂದು ಕೈಸನ್ನೆ ಮಾಡಿದರು. ಬೈಯಲು ಹೋದರೆ ಒಳಗೆ ಏನೂ ಇರಲಿಲ್ಲ. ಹುಡುಕಿದೆ, ನಿಜವಾಗಿಯೂ ಹುಡುಕಿದೆ. ಈಗಷ್ಟೇ ಕುದಿಯುತ್ತಿದ್ದದ್ದು ಎಲ್ಲಿ ಹೋಯಿತೋ, ಒಂದು ಸಣ್ಣ ಬೈಗುಳವೂ ಸಿಗಲಿಲ್ಲ. ನಗು ಬಂತು, ನಿಲ್ಲಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ಟೀಪಾಯಿಯ ಮೇಲೆ ಕೂತೆ, ಕಣ್ಣಲ್ಲಿ ನೀರು.

ಹುಡುಗರು ಇನ್ನೂ ಕಾಯುತ್ತಲೇ ಇದ್ದರು. ಕೊನೆಗೆ ನನ್ನ ಪರವಾಗಿ ಅತ್ತೆಯೇ ಬೈದರು.